ಹಳೇ ಪಿಎಸ್2 (ಪ್ಲೇಸ್ಟೇಷನ್ 2) ಗೇಮ್ ಮಷೀನು ತಗೊಳ್ಳಲಾ? ಒಂದು ಡಿಸ್ಕ್‌ಗೆ ಕೆಂಪು ಸ್ಕ್ರೀನ್ ಬಂತು

ಪ್ರಶ್ನೆ:
ವಿಜಯನಗರದಲ್ಲಿ ಒಬ್ಬರ ಮನೆಗೆ ಹೋಗಿ ದಪ್ಪ ಮಾಡೆಲ್ ಪಿಎಸ್2 ನೋಡಿ ಬಂದೆ. 5,500 ರೂಪಾಯಿ ಹೇಳುತ್ತಿದ್ದಾರೆ. ಆನ್ ಮಾಡಿದಾಗಲೆಲ್ಲ ಟೈಮು, ತಾರೀಖು ಕೇಳುತ್ತದೆ. ಒಂದು ಡಿಸ್ಕ್ ಚೆನ್ನಾಗಿ ಓಡಿತು, ಇನ್ನೊಂದಕ್ಕೆ ಕೆಂಪು ಸ್ಕ್ರೀನ್ ಬಂತು. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಆಡಿದ್ದು ಇದೇ ಮಷೀನು, ಬಿಡೋಕೆ ಮನಸ್ಸಿಲ್ಲ. ಭಾನುವಾರದೊಳಗೆ ಹೇಳಬೇಕು.

ಉತ್ತರ:
ಟೈಮ್ ಕೇಳಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಸರ್. ಒಳಗಿನ ಸಿಆರ್2032 ಸೆಲ್ ಮುಗಿದಿರುತ್ತದೆ, ಅಷ್ಟೇ. ಗೇಮ್ ಸೇವ್ ಆಗೋದು ಮೆಮರಿ ಕಾರ್ಡಿನಲ್ಲಿ, ಅದಕ್ಕೇನೂ ಆಗಲ್ಲ. ಕೆಂಪು ಸ್ಕ್ರೀನ್ ಬಂದ ಡಿಸ್ಕ್ ಒರಿಜಿನಲ್ಲಾ, ಕಾಪಿನಾ?

ಪ್ರಶ್ನೆ ಕೇಳಿದವರು:
ಓಡಿದ್ದು ಒರಿಜಿನಲ್, ತಳ ಬೆಳ್ಳಿ ಬಣ್ಣ. ಇನ್ನೊಂದರ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದಿತ್ತು, ತಳ ನೇರಳೆ.

ಉತ್ತರ:
ಹಾಗಾದರೆ ಅದು ಕಾಪಿ. ಕಾಪಿ ಓಡಿಸೋಕೆ ಅಂತಲೇ ಒಳಗೆ ಬೇರೆ ಚಿಪ್ ಹಾಕಿಸದ ಮಷೀನು ಕಾಪಿ ಡಿಸ್ಕ್ ಒಪ್ಪಲ್ಲ, ಕೆಂಪು ಸ್ಕ್ರೀನ್ ತೋರಿಸುತ್ತದೆ. ಒರಿಜಿನಲ್ ಹಾಕಿದಾಗಲೂ ಕೆಂಪು ಬಂದರೆ ಮಾತ್ರ ಡಿಸ್ಕ್ ಓದೋ ಲೆನ್ಸ್ ಮೇಲೆ ಅನುಮಾನ ಪಡಿ.

ಆದರೆ ನೀವು ನೋಡಿರೋದು ಅರ್ಧ ಮಾತ್ರ. ಬೆಳ್ಳಿ ತಳದ್ದು ಡಿವಿಡಿ, ನೀಲಿ ತಳದ್ದು ಸಿಡಿ. ಎರಡಕ್ಕೂ ಲೇಸರ್ ಬೇರೆ ಬೇರೆ. ನಾನು ಮೊದಲು ತಂದ ಮಷೀನಿನಲ್ಲಿ ಡಿವಿಡಿ ಬೆಣ್ಣೆ ಥರ ಓಡುತ್ತಿತ್ತು. ಮನೆಗೆ ಬಂದು ನೀಲಿ ಡಿಸ್ಕ್ ಹಾಕಿದರೆ ಟಕ್ ಟಕ್ ಅಂತ ಸದ್ದು, ಸುಮ್ನೆ ಸುತ್ತುತ್ತಲೇ ಇತ್ತು. ಕೊನೆಗೆ ಲೆನ್ಸೇ ಬದಲಾಯಿಸಿದೆ. ಅದಕ್ಕೇ ಹೇಳೋದು, ಒಂದು ಒರಿಜಿನಲ್ ನೀಲಿ ಡಿಸ್ಕ್ ಹೊಂದಿಸಿಕೊಂಡು ಹೋಗಿ. ಸಿಗದಿದ್ದರೆ ಹಳೇ ಪಿಎಸ್1 ಡಿಸ್ಕ್ ಆದರೂ ಸರಿ. ಅದೂ ಸಿಡಿನೇ, ತಳ ಕಪ್ಪು. ಅರ್ಧ ಗಂಟೆ ಆಡಿ, ಮಷೀನು ಬಿಸಿಯಾದ ಮೇಲೆ ಡಿಸ್ಕ್ ತೆಗೆದು ಮತ್ತೆ ಹಾಕಿ ನೋಡಿ.

ಹಿಂದಿನ ಸ್ಟಿಕ್ಕರ್ ಓದೋದು ಮರೀಬೇಡಿ. 220-240 ವೋಲ್ಟ್ ಇದ್ದರೆ ನಮ್ಮ ಕರೆಂಟಿಗೆ ಆಗುತ್ತದೆ. 100 ಅಥವಾ 120 ಅಂತಿದ್ದರೆ ಹೊರದೇಶದ್ದು. ವೋಲ್ಟೇಜ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಿದರೆ ಸುಟ್ಟೇ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಸ್ಟಿಕ್ಕರ್ ಸರಿಯಾಗಿದೆ. ನೀಲಿ ಡಿಸ್ಕ್ ಮೂರನೇ ಸಲಕ್ಕೆ ಓದಿತು. ಆಮೇಲೆ ಗೇಮ್ ಮಧ್ಯೆ ಎಲ್ಲೂ ನಿಲ್ಲಲಿಲ್ಲ.

ಉತ್ತರ:
ಲೆನ್ಸ್ ಸುಸ್ತಾಗಿರಬಹುದು, ಬರೀ ಧೂಳೂ ಇರಬಹುದು. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಲೆನ್ಸ್ ರೇಟ್ ವಿಚಾರಿಸಿ, ಅಷ್ಟು ಕಮ್ಮಿ ಮಾಡಿ ಅಂತ ಅವರನ್ನೇ ಕೇಳಿ. ಒಪ್ಪಿದರೆ ತಗೊಳ್ಳಿ.

ಪ್ರಶ್ನೆ ಕೇಳಿದವರು:
4,300ಕ್ಕೆ ಕೊಟ್ಟರು! ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಲೆನ್ಸ್ ಒರೆಸಿದೆ, ಈಗ ಒಂದೇ ಸಲಕ್ಕೆ ಓದುತ್ತಿದೆ. ಶನಿವಾರ ಅಣ್ಣ ಬರ್ತಾನೆ. ಎರಡನೇ ಕಂಟ್ರೋಲರ್ ಹುಡುಕುತ್ತಿದ್ದೇನೆ.