ಸಹಾಯ ಬೇಕು: ಆಕ್ಸಿರಿಸ್ ಮರೀನಾ ಬೇಟೆಯನ್ನು ಗುರುತಿಸುವ ಪ್ರಯೋಗದ ಬಗ್ಗೆ

ಮಾನ್ಯರೇ,

ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಆಕ್ಸಿರಿಸ್ ಮರೀನಾ ಎಂಬ ಏಕಕೋಶ ಸಮುದ್ರಜೀವಿಯನ್ನು ಬೆಳೆಸುತ್ತಿದ್ದೇನೆ. ಇದರ ಕೋಶದ ಹೊರಮೈಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು, ಬೇಟೆಯಾದ ಪಾಚಿಕೋಶದ ಮೇಲಿನ ಮ್ಯಾನೋಸ್ ಸಕ್ಕರೆಯನ್ನು ಹಿಡಿದು ಅದನ್ನು ಆಹಾರವೆಂದು ಗುರುತಿಸಲು ನೆರವಾಗುತ್ತದೆಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಹಾಗಾಗಿ ನೀರಿಗೆ ಮೊದಲೇ ಮ್ಯಾನೋಸ್ ಬೆರೆಸಿದರೆ ಲೆಕ್ಟಿನ್‌ನ ಹಿಡಿತದ ಜಾಗಗಳು ತುಂಬಿಹೋಗಿ ನುಂಗುವಿಕೆ ತಗ್ಗಬೇಕು. ತಗ್ಗಿತು ನಿಜ, ಆದರೆ ಹೋಲಿಕೆಗೆಂದು ಗ್ಯಾಲಕ್ಟೋಸ್ ಎಂಬ ಬೇರೊಂದು ಸಕ್ಕರೆ ಬೆರೆಸಿಟ್ಟ ಫ್ಲಾಸ್ಕಿನಲ್ಲೂ ತಗ್ಗಿದೆ! ರಾತ್ರಿಯಿಡೀ ಇಟ್ಟಿದ್ದ ಎರಡೂ ಫ್ಲಾಸ್ಕುಗಳ ನೀರು ಬೆಳಿಗ್ಗೆ ಹಾಲು ಬೆರೆಸಿದಂತೆ ಮಬ್ಬಾಗಿತ್ತು. ಸಕ್ಕರೆಯುಂಡು ಬ್ಯಾಕ್ಟೀರಿಯಾ ಹೆಚ್ಚಿರಬೇಕೆಂದು ನನ್ನ ಅನುಮಾನ. ಸಕ್ಕರೆ ಬೆರೆಸಿದ ಮೇಲೆ ಎಷ್ಟು ನಿಮಿಷದೊಳಗೆ ನುಂಗಿದ ಪಾಚಿಕೋಶಗಳ ಎಣಿಕೆ ಮುಗಿಸಬೇಕು, ಆಕ್ಸಿರಿಸ್‌ಗೆ ತೊಂದರೆಯಾಗದ ಆ್ಯಂಟಿಬಯಾಟಿಕ್ ಪ್ರಮಾಣವೆಷ್ಟು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.