ವಿಮಾನದಲ್ಲಿ ಸಿಒ2 ಅಳತೆ: ಫ್ಲಾಸ್ಕ್ ಒಂದು ಹೇಳುತ್ತೆ, ಅನಲೈಸರ್ ಇನ್ನೊಂದು

ಪಾಷಾಣ್_ವಾಸಿ (ಪುಣೆ)
ನಮಸ್ಕಾರ. ಪ್ರೆಶರೈಸ್ಡ್ ಕ್ಯಾಬಿನ್ ಇರುವ ಸಣ್ಣ ಅವಳಿ ಎಂಜಿನ್ ವಿಮಾನದಲ್ಲಿ ಕ್ಯಾವಿಟಿ ರಿಂಗ್‌ಡೌನ್ ಅನಲೈಸರ್ (ಕ್ಯಾವಿಟಿ ಎಂಬ ಪುಟ್ಟ ಕೋಣೆಯಲ್ಲಿ ಲೇಸರ್ ಬೆಳಕು ಆರುವ ವೇಗದಿಂದ ಅನಿಲ ಅಳೆಯುವ ಉಪಕರಣ) ಕೂರಿಸಿದ್ದೇವೆ. ಸಿಒ2, ಮೀಥೇನ್, ಸಿಒ (ಕಾರ್ಬನ್ ಮಾನಾಕ್ಸೈಡ್), ನೀರಾವಿ ನಾಲ್ಕನ್ನೂ ಕೊಡುತ್ತದೆ. ಚಾವಣಿಯ ಮೇಲೆ ಇನ್‌ಲೆಟ್, ಅಲ್ಲಿಂದ 6 ಮೀಟರ್ ಕಾಲಿಂಚಿನ ಸಿನ್‌ಫ್ಲೆಕ್ಸ್ ಟ್ಯೂಬ್ (ಪ್ಲಾಸ್ಟಿಕ್ ಹೊದಿಕೆಯ ಅಲ್ಯೂಮಿನಿಯಂ, ಒಳವ್ಯಾಸ 4.3 ಮಿ.ಮೀ.), ಫಿಲ್ಟರ್, ಆಮೇಲೆ ಕ್ಯಾಲಿಬ್ರೇಶನ್ ಸಿಲಿಂಡರ್ (ಪ್ರಮಾಣ ಗೊತ್ತಿರುವ ಗ್ಯಾಸ್) ಕಡೆಗೆ ತಿರುಗುವ ವಾಲ್ವ್, ಕೊನೆಗೆ ಅನಲೈಸರ್. ಡ್ರೈಯರ್ ಇಲ್ಲ, ಟ್ಯೂಬಿನಲ್ಲಿ ಹೆಚ್ಚುವರಿ ಗಾಳಿ ಎಳೆಯುವ ಬೈಪಾಸ್ ಪಂಪೂ ಇಲ್ಲ. ಹರಿವು ನಿಮಿಷಕ್ಕೆ 0.4 ಸ್ಟ್ಯಾಂಡರ್ಡ್ ಲೀಟರ್. ಏರುವುದೂ ಇಳಿಯುವುದೂ ನಿಮಿಷಕ್ಕೆ ಸಾವಿರ ಅಡಿ.

ತೊಂದರೆ ಎರಡು. ಬೌಂಡರಿ ಲೇಯರ್‌ನ (ನೆಲಕ್ಕೆ ಹತ್ತಿರದ, ಚೆನ್ನಾಗಿ ಬೆರೆತ ಗಾಳಿಯ ಪದರ) ತುದಿ ಇಳಿಯುವಾಗಿನದಕ್ಕಿಂತ ಏರುವಾಗ ಸುಮಾರು 150 ಮೀಟರ್ ಮೇಲೆ ಕಾಣುತ್ತದೆ. ಎರಡನೆಯದು, 4 ಕಿ.ಮೀ. ದಾಟಿದ ಮೇಲೆ ಸಿಒ2 ಅದೇ ಹಾರಾಟದಲ್ಲಿ ಬೇರೆ ಇನ್‌ಲೆಟ್‌ನಿಂದ ತುಂಬಿದ ಫ್ಲಾಸ್ಕ್‌ಗಳಿಗಿಂತ (ಆಮೇಲೆ ಪ್ರಯೋಗಾಲಯದಲ್ಲಿ ಅಳೆಯುವ ಗಾಳಿಯ ಬಾಟಲಿಗಳು) 1.5 ಪಿಪಿಎಂ (ಹತ್ತು ಲಕ್ಷದಲ್ಲಿ 1.5 ಭಾಗ) ಹೆಚ್ಚು. ಮೀಥೇನ್ ಮತ್ತು ಸಿಒ ಮಾತ್ರ ಫ್ಲಾಸ್ಕ್‌ಗೆ ಹೊಂದುತ್ತವೆ. ಗಾಳಿಯಲ್ಲಿರುವಾಗಲೇ ಕ್ಯಾಲಿಬ್ರೇಶನ್ ಸಿಲಿಂಡರ್ ಬಿಟ್ಟರೆ 0.1 ಪಿಪಿಎಂ ಒಳಗೇ ಓದುತ್ತದೆ. ಅನಲೈಸರ್‌ನದೇ ದೋಷವೇ?

ಮಾಪಕ
ಮೊದಲನೆಯದು ಬರೀ ಲ್ಯಾಗ್ (ಗಾಳಿ ಇನ್‌ಲೆಟ್‌ನಿಂದ ಅನಲೈಸರ್ ತಲುಪಲು ಆಗುವ ತಡ), ಲೆಕ್ಕ ಹಾಕಿದರೆ ಹೊರಗೆ ಬೀಳುತ್ತದೆ. 4.3 ಮಿ.ಮೀ. ಒಳವ್ಯಾಸ ಅಂದರೆ ಮೀಟರಿಗೆ 14.5 ಮಿ.ಲೀ., 6 ಮೀಟರಿಗೆ 87 ಮಿ.ಲೀ. ನಿಮ್ಮ ಹರಿವಿನಲ್ಲಿ ಸಮುದ್ರಮಟ್ಟದಲ್ಲಿ 13 ಸೆಕೆಂಡ್, ಮೇಲೆ 800 ಹೆಕ್ಟೋಪಾಸ್ಕಲ್ ಒತ್ತಡದಲ್ಲಿ 10. ಫಿಲ್ಟರ್ ಮತ್ತು ಕ್ಯಾವಿಟಿಗೆ ಇನ್ನೈದು ಸೆಕೆಂಡ್ ಸೇರಿಸಿ. ಸೆಕೆಂಡಿಗೆ 5 ಮೀಟರ್ ಏರಿಕೆಯಲ್ಲಿ 75 ಮೀಟರ್ ಮೇಲಕ್ಕೆ, ಇಳಿಯುವಾಗ ಅಷ್ಟೇ ಕೆಳಕ್ಕೆ. ಒಟ್ಟು 150, ನೀವು ಹೇಳಿದ್ದೇ.

ಒಂದೇ ಸ್ಥಿರ ಸೆಕೆಂಡ್ ಹಿಂದೆ ತಳ್ಳಿ ಕೈತೊಳೆದುಕೊಳ್ಳಬೇಡಿ. ಅನಲೈಸರ್ ಎಳೆಯುವುದು ದ್ರವ್ಯರಾಶಿಯ ಲೆಕ್ಕದಲ್ಲಿ, ಹಾಗಾಗಿ ಮೇಲೆ ಹೋದಷ್ಟೂ ಟ್ಯೂಬಿನಲ್ಲಿ ಗಾಳಿ ತೆಳು, ಲ್ಯಾಗ್ ಕಡಿಮೆ. ಒತ್ತಡಕ್ಕೆ ತಕ್ಕಂತೆ ಪ್ರತಿ ಸಾಲನ್ನೂ ಸರಿಸಿ. ನೆಲದ ಮೇಲೆ ಇನ್‌ಲೆಟ್ ಬಾಯಿಗೆ ಒಮ್ಮೆ ಊದಿ, ಸಿಒ2 ಏರುವವರೆಗಿನ ಸೆಕೆಂಡ್ ಎಣಿಸಿದರೆ ಲೆಕ್ಕ ತಾಳೆಯಾಗುತ್ತದೋ ನೋಡಬಹುದು. ನಿಮಿಷಕ್ಕೆ 4-5 ಲೀಟರ್ ಎಳೆಯುವ ಬೈಪಾಸ್ ಪಂಪ್ ಹಾಕಿದರೆ ಟ್ಯೂಬಿನ ಲ್ಯಾಗ್ ಎರಡು ಸೆಕೆಂಡಿನೊಳಗೆ ಬರುತ್ತದೆ.

ಧಾರವಾಡಿ_ಇನ್_ಕೋಥ್ರೂಡ್
ಎರಡನೇದಕ್ಕ ಅನಲೈಸರ್ ಮ್ಯಾಲ ಅನುಮಾನ ಬ್ಯಾಡ್ರಿ, ಲೀಕ್ ಅದ. ಮೂರೂ ಗ್ಯಾಸ್ ಜೋಡಿಸಿ ನೋಡ್ರಿ. ಎಂಜಿನ್ ಹೊಗಿ ಒಳಗ ಬಂದಿದ್ರ ಸಿಒ ಜಿಗೀತಿತ್ತು. ನೀರಾವಿ ತಿದ್ದುಪಡಿ (ನೀರಾವಿಯಿಂದಾಗಿ ಕಡಿಮಿ ಕಾಣೂದನ್ನ ಸರಿಮಾಡೂ ಲೆಕ್ಕ) ತಪ್ಪಿದ್ರ ಮೀಥೇನೂ ಅದ ಪ್ರಮಾಣದಾಗ, ಅಂದ್ರ ಸುಮಾರು 7 ಪಿಪಿಬಿ (ನೂರು ಕೋಟಿಯಾಗ 7 ಭಾಗ), ಸರೀಬೇಕಿತ್ತು. ಸಿಒ2 ಒಂದ ಏರೇದ ಅಂದ್ರ ಅದು ಒಳಗ ಕೂತವರ ಉಸಿರು. ಕ್ಯಾಬಿನ್‌ನ್ಯಾಗ 1500 ಪಿಪಿಎಂ ಅಂತ ಹಿಡೀರಿ, ಹೊರಗ 420. 0.14 ಪರ್ಸೆಂಟ್ ಸೋರಿದ್ರ ಸಾಕು, ನಿಮ್ಮ 1.5 ಬಂತು. ಮ್ಯಾಲ ಹೋದಂಗ ಕ್ಯಾಬಿನ್‌ಗೂ ಟ್ಯೂಬಿಗೂ ಒತ್ತಡದ ಅಂತರ ಹೆಚ್ಚಾಗ್ತದ, ಅದಕ್ಕ ಅಲ್ಲೇ ಎದ್ದು ಕಾಣ್ತದ.

ಸಿಲಿಂಡರ್ ಸರಿ ಓದೋದು ಯಾಕಂದ್ರ, ನಿಮ್ಮ ವಾಲ್ವ್ ಫಿಲ್ಟರ್ ಆದಮ್ಯಾಲ ಅದ. ಸೋರೋ ಜಾಗ ಅದಕಿಂತ ಹಿಂದ ಇದ್ರ ಸಿಲಿಂಡರ್ ಗ್ಯಾಸಿಗೆ ಅದು ಸಿಗಂಗೇ ಇಲ್ಲ. ಈ ಜೋಡಣಿ ಅಗದೀ ಮೋಸದ್ದು. ಇನ್‌ಲೆಟ್ ಹತ್ರನ ಒಂದು ಟೀ (ಮೂರು ಬಾಯಿಯ ಕೂಡು ಕೊಳವಿ) ಹಾಕಿ ಅಲ್ಲಿಂದ ಗ್ಯಾಸ್ ಬಿಡ್ರಿ, ನಿಮಿಷಕ್ಕ 0.6-0.7 ಲೀಟರ್, ಹೆಚ್ಚಾದದ್ದು ಇನ್‌ಲೆಟ್ ಬಾಯಿಂದ ಹೊರಗ ಹೋಗ್ಲಿ. ಗ್ಯಾಸ್ ಜಾಸ್ತಿ ಖರ್ಚಾಗ್ತದ, ಆಗ್ಲಿ.

ನೆಲದ ಮ್ಯಾಲ ಸುಮ್ನ ಲೀಕ್ ಹುಡುಕಿದ್ರ ಸಿಗೂದಿಲ್ಲ, ಒತ್ತಡದ ಅಂತರ ಇರೂದಿಲ್ಲಲ್ಲ. ಇನ್‌ಲೆಟ್ ಕಡೆ ಸಿಲಿಂಡರ್ ಕಟ್ಟಿ, ನಡುವ ನೀಡಲ್ ವಾಲ್ವ್ ಇಟ್ಟು ಟ್ಯೂಬ್ ಒತ್ತಡ 500 ಹೆಕ್ಟೋಪಾಸ್ಕಲ್‌ಗೆ ಇಳಸ್ರಿ. ಆಮ್ಯಾಲ ಸ್ಟ್ರಾ ಹಿಡದು ಒಂದೊಂದ ನಟ್ ಮ್ಯಾಲ ಮೆಲ್ಲಕ ಊದ್ರಿ, ಒಂದರಿಂದ ಇನ್ನೊಂದಕ್ಕ ಹೋಗೂಮುಂದ ಅರ್ಧ ನಿಮಿಷ ಬಿಡ್ರಿ. ಇಲ್ಲಾಂದ್ರ ಲ್ಯಾಗ್‌ನಿಂದಾಗಿ ತಪ್ಪು ನಟ್ ಹಿಡೀತೀರಿ.

ದೋನಾಪಾವ್ಲ (ಗೋವಾ)
ಡ್ರೈಯರ್ ಇಲ್ಲ ಅಂದದ್ದಕ್ಕೆ ಒಂದು ಮಾತು. ಪುಣೆಯ ಚಳಿಗಾಲದಲ್ಲಿ ಹೇಗೋ ನಡೆಯುತ್ತದೆ. ಮಳೆಗಾಲದಲ್ಲಿ ಕರಾವಳಿಗೆ ಬಂದರೆ ಕೆಳಮಟ್ಟದಲ್ಲಿ ನೀರಾವಿ 3% ಮುಟ್ಟುತ್ತದೆ. ಆಗ ನಿಜವಾದ 420 ಪಿಪಿಎಂ ಸುಮಾರು 404 ಎಂದು ಕಾಣುತ್ತದೆ. ಆ 16 ಪಿಪಿಎಂ ತಿದ್ದುಪಡಿಯಲ್ಲಿ ನೂರಕ್ಕೆ ಒಂದು ತಪ್ಪಿದರೂ 0.16, ವಿಶ್ವ ಹವಾಮಾನ ಸಂಸ್ಥೆ ಉತ್ತರ ಗೋಳಾರ್ಧಕ್ಕೆ ಇಟ್ಟ 0.1ರ ಗುರಿ ಅಲ್ಲೇ ಕೈತಪ್ಪಿತು. ಕೈಪಿಡಿಯ ಗುಣಾಂಕ ನಂಬದೆ ನಿಮ್ಮ ಉಪಕರಣಕ್ಕೇ ಹನಿ ಪರೀಕ್ಷೆ ಮಾಡಿ: ಒಣ ಸಿಲಿಂಡರ್ ಗಾಳಿ ಹರಿಯುತ್ತಿರುವಾಗ ಒಂದು ಮಿ.ಲೀ. ನೀರು ಸೇರಿಸಿ, ಅದು ಆರುವವರೆಗೆ ನೀರಾವಿಗೆ ಎದುರಾಗಿ ಸಿಒ2 ಗುರುತಿಸಿ. ನೀರಾವಿ ಥಟ್ಟನೆ ಬದಲಾಗುವ ಭಾಗವನ್ನು ಬಿಟ್ಟುಬಿಡಿ, ಆಗ ಕ್ಯಾವಿಟಿ ಒತ್ತಡ 140 ಟಾರ್‌ನಲ್ಲಿ ನಿಲ್ಲುವುದಿಲ್ಲ. ಇನ್‌ಲೆಟ್ ಬಾಯಿ ಹಿಂದಕ್ಕೆ ತಿರುಗಿರಲಿ, ಮೋಡದ ಹನಿ ನುಂಗಬಾರದು.

ಇಲ್ಲಿನ ಕಾಬೊ ದ ರಾಮಾದಲ್ಲಿ 1993ರಲ್ಲೇ ಫ್ಲಾಸ್ಕ್ ಮಾದರಿ ಶುರುವಾಗಿತ್ತು. ಮಳೆಗಾಲದಲ್ಲಿ ಅಲ್ಲಿಗೆ ಬರುವುದು ಸಾಗರದ ಗಾಳಿ, ಚಳಿಗಾಲದಲ್ಲಿ ಒಳನಾಡಿನದು. ಕರಾವಳಿಗೆ ಹಾರುವುದಾದರೆ ಎರಡೂ ಕಾಲದಲ್ಲಿ ಹಾರಿ, ಒಂದೇ ಕಾಲದ ಪ್ರೊಫೈಲ್ (ಎತ್ತರದ ಪ್ರಕಾರದ ಅಳತೆ) ಇಟ್ಟುಕೊಂಡು ಏನೂ ಹೇಳಲಾಗದು.

ಪಾಷಾಣ್_ವಾಸಿ
500ಕ್ಕೆ ಇಳಿಸಿ ಊದಿದಾಗ ಫಿಲ್ಟರ್ ಒಳಬರುವ ಕಡೆಯ ನಟ್ ಬಳಿ ಸಿಒ2 40 ಪಿಪಿಎಂ ಜಿಗಿಯಿತು, ಉಳಿದವು ಸುಮ್ಮನಿವೆ. ಬಿಗಿ ಮಾಡಿದರೆ ಸಾಕೇ? ಈಗಾಗಲೇ ಹಾರಿಸಿದ ಡೇಟಾ?

ಧಾರವಾಡಿ_ಇನ್_ಕೋಥ್ರೂಡ್
ಉಸಿರಿನ್ಯಾಗ ಹತ್ರಹತ್ರ 40,000 ಪಿಪಿಎಂ ಇರ್ತದ, 40 ಜಿಗದ್ರ 0.1 ಪರ್ಸೆಂಟ್. ಹಾರಾಟದ 0.14ಕ್ಕ ಸರೀ ಹೊಂದ್ತದ, ಬ್ಯಾರೆ ಲೀಕ್ ಹುಡುಕೋ ಅಗತ್ಯ ಇಲ್ಲ. ಬಿಗಿ ಮಾಡಬ್ಯಾಡ್ರಿ, ಸಿನ್‌ಫ್ಲೆಕ್ಸ್ ಒಮ್ಮೆ ನಜ್ಜಾತಂದ್ರ ಮತ್ತ ಕೂಡೂದಿಲ್ಲ. ಎರಡು ಸೆಂ.ಮೀ. ನೇರಕ್ಕ ಕತ್ತರಿಸಿ, ಒಳಗ ಇನ್ಸರ್ಟ್ ಹಾಕಿ, ಹೊಸಾ ಫೆರುಲ್ (ಟ್ಯೂಬ್ ಬಿಗಿಯಾಗಿ ಹಿಡಿಯೋ ಉಂಗುರ), ಬೆರಳಿಂದ ಬಿಗಿ ಆದಮ್ಯಾಲ ಸ್ಪ್ಯಾನರ್‌ನಿಂದ ಒಂದೂಕಾಲು ಸುತ್ತು. ಮತ್ತ ಊದಿ ನೋಡ್ರಿ.

ಹಳೇ ಹಾರಾಟದ ಮೀಥೇನ್, ಸಿಒ ಇಟ್ಕೋರಿ. ಸಿಒ2 ತಿದ್ದಬೇಕಂದ್ರ ಕ್ಯಾಬಿನ್ ಸಿಒ2 ಲಾಗ್ ಬೇಕು. ಅದಿಲ್ಲಾಂದ್ರ ಫ್ಲಾಸ್ಕ್ ನೋಡಿ 1.5 ಕಳದು ಸರಿಮಾಡಿದ್ವಿ ಅನ್ನೂದು ನಡ್ಯಾಂಗಿಲ್ಲ, ಪೂರ್ತಿ ಹಾರಾಟದ ಸಿಒ2ಕ್ಕ ಫ್ಲ್ಯಾಗ್ (ಬಳಸಬ್ಯಾಡ್ರಿ ಅನ್ನೋ ಗುರುತು) ಹಚ್ರಿ. ಮುಂದಿನ ಸರ್ತಿ ರ್‍ಯಾಕ್ ಪಕ್ಕ ಒಂದು ಸಣ್ಣ ಸಿಒ2 ಸೆನ್ಸರ್ ಇಟ್ಕೊಂಡ ಹೋಗ್ರಿ.