ಸಹಾಯ ಬೇಕು: ಬಿಸಿನೆಸ್ ಅನಾಲಿಸಿಸ್ ಅಗತ್ಯವೆಂದು ಆಡಳಿತಕ್ಕೆ ಮನವರಿಕೆ ಮಾಡುವುದು ಹೇಗೆ?

ಗುಂಪಿನ ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಪ್ರಾಜೆಕ್ಟ್ ನೋಡಿಕೊಳ್ಳುತ್ತಿರುವ ನನಗೆ ಬಿಸಿನೆಸ್ ಅನಾಲಿಸಿಸ್ (ಗ್ರಾಹಕರಿಗೆ ನಿಜವಾಗಿ ಏನು ಬೇಕೆಂದು ಮೊದಲೇ ಅರಿಯುವ ಕೆಲಸ) ಕುರಿತು ಅನುಭವಸ್ಥರ ಸಲಹೆ ಬೇಕಾಗಿದೆ.

ಮಲ್ಪೆಯ ಬೋಟ್ ಮಾಲೀಕರೊಬ್ಬರಿಗೆ ಲೆಕ್ಕಪತ್ರದ ತಂತ್ರಾಂಶ ಸಿದ್ಧಪಡಿಸುತ್ತಿದ್ದೇವೆ. ಮಾರಾಟದ ಬಿಲ್ ಮತ್ತು ತಿಂಗಳ ಸಂಬಳ ಬರಬೇಕೆಂಬುದಷ್ಟೇ ನಮಗೆ ಸಿಕ್ಕಿದ್ದ ಸೂಚನೆ. ಆದರೆ ಬಂದರಿನಲ್ಲಿ ಲೆಕ್ಕ ಬರೆಯುವವರ ಪಕ್ಕದಲ್ಲಿ ಕುಳಿತು ನೋಡಿದಾಗ, ಏಲಂನಲ್ಲಿ ಬಂದ ಹಣದಿಂದ ಡೀಸೆಲ್, ಮಂಜುಗಡ್ಡೆ, ರೇಷನ್ ಖರ್ಚು ಕಳೆದು, ಉಳಿದದ್ದರಲ್ಲಿ ಕೆಲಸಗಾರರಿಗೆ ಪಾಲು ಹಂಚುತ್ತಾರೆ, ಮೊದಲೇ ಕೊಟ್ಟ ಮುಂಗಡವನ್ನೂ ಅದರಲ್ಲೇ ಮುರಿದುಕೊಳ್ಳುತ್ತಾರೆ ಎಂಬುದು ತಿಳಿಯಿತು. ಸಂಬಳದ ಪುಟಕ್ಕಾಗಿ ಬರೆದ ಕೋಡ್ ಪೂರ್ತಿ ವ್ಯರ್ಥವಾಯಿತು.

ಪ್ರಾಜೆಕ್ಟ್ ಮ್ಯಾನೇಜರ್ ಗಡುವು, ಹಣ, ಜನರನ್ನು ನಿಭಾಯಿಸಬಹುದು; ಗ್ರಾಹಕರ ನಿಜವಾದ ಅಗತ್ಯ ಯಾವುದೆಂದು ಅಗೆದು ತೆಗೆಯುವುದು ಬೇರೆಯೇ ಕೌಶಲ. ಈ ಬಿಸಿನೆಸ್ ಅನಾಲಿಸಿಸ್ ವೃತ್ತಿಗೆಂದೇ 2003ರಲ್ಲಿ ಐಐಬಿಎ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಯಿತು. ಪ್ರಾಜೆಕ್ಟ್ ನಿರ್ವಹಣೆಯ ಸಂಸ್ಥೆಯಾದ ಪಿಎಂಐ ಕೂಡ ಇದಕ್ಕೆ ಪ್ರತ್ಯೇಕ ಪ್ರಮಾಣಪತ್ರ ನೀಡುತ್ತದೆ. ಹೀಗಿದ್ದೂ ನಮ್ಮ ಮೇಲಧಿಕಾರಿಗಳು ಇದನ್ನು ಅನಗತ್ಯ ಖರ್ಚೆಂದೇ ಭಾವಿಸಿದ್ದಾರೆ, ಇದು ನನಗೆ ತುಂಬಾ ಬೇಸರ ತಂದಿದೆ.

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಬಿಸಿನೆಸ್ ಅನಲಿಸ್ಟ್ ಆಗಿರುವವರು ದಯವಿಟ್ಟು ತಿಳಿಸಿ: ಮರುಕೆಲಸದ ವೆಚ್ಚವನ್ನು ಆಡಳಿತದ ಮುಂದೆ ಯಾವ ರೀತಿ ಲೆಕ್ಕಹಾಕಿ ತೋರಿಸಿದ್ದೀರಿ? ನಡುವೆ ಬದಲಾಗುವ ಬೇಡಿಕೆಗಳಿಗೆ ಯಾರ ಒಪ್ಪಿಗೆ ಪಡೆಯುತ್ತೀರಿ? ನಮ್ಮ ಬೇಡಿಕೆಪಟ್ಟಿಯನ್ನು ಯಾರಾದರೂ ಒಮ್ಮೆ ಪರಿಶೀಲಿಸಿಕೊಟ್ಟರೆ ದೊಡ್ಡ ಉಪಕಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಬೋಟ್‌ಗಳು ಮತ್ತೆ ಕಡಲಿಗಿಳಿಯುವ ಮೊದಲೇ ತಂತ್ರಾಂಶ ಸಿದ್ಧವಾಗಬೇಕಿದೆ.